ಎನ್‌ಎಫ್‌ಟಿಯನ್ನು ಜನ ಯಾಕೆ ನಂಬುವುದಿಲ್ಲ, ಅದರಿಂದ ಉಪಯೋಗವೇನಾದರೂ ಇದೆಯೇ: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆ, ಇಳಕಲ್, ಜಮಖಂಡಿ ಭಾಗದ ವಿದ್ಯಾರ್ಥಿಗಳು, ನೇಕಾರರು, ಛಾಯಾಗ್ರಾಹಕರು ಮತ್ತು ನಿವೃತ್ತ ನೌಕರರು ಮಾತಿನಲ್ಲಿಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಲಾಗಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಉಳಿಸಿಕೊಂಡಿದ್ದೇನೆ. ಯಾವುದನ್ನು ಕೊಳ್ಳಬೇಕು, ಯಾವುದನ್ನು ಮಾರಬೇಕು ಎಂಬ ಸಲಹೆ ಇಲ್ಲಿಲ್ಲ.

## ಮೊದಲ ತಿಳಿವಳಿಕೆ

ಎನ್‌ಎಫ್‌ಟಿ ಅಂದ್ರ ನಿಜವಾಗಿ ಏನ್ರೀ? ಅದು ಚಿತ್ರಾನೋ, ರೊಕ್ಕಾನೋ?

ಎರಡೂ ಅಲ್ಲ, ಅದೊಂದು ದಾಖಲೆ. ಪೂರ್ಣ ಹೆಸರು ನಾನ್-ಫಂಜಿಬಲ್ ಟೋಕನ್, ಅಂದರೆ ಒಂದರ ಬದಲು ಇನ್ನೊಂದು ನಡೆಯದ ಡಿಜಿಟಲ್ ಗುರುತು. ಬ್ಲಾಕ್‌ಚೈನ್ ಎಂದರೆ ಸಾವಿರಾರು ಕಂಪ್ಯೂಟರ್‌ಗಳು ತಮ್ಮ ತಮ್ಮಲ್ಲಿ ಒಂದೊಂದು ಪ್ರತಿ ಇಟ್ಟುಕೊಂಡು ಪರಸ್ಪರ ತಾಳೆ ನೋಡುತ್ತಿರುವ ಲೆಕ್ಕದ ಪುಸ್ತಕ. ಆ ಪುಸ್ತಕದಲ್ಲಿ "ಇಂಥ ಸಂಖ್ಯೆಯ ಟೋಕನ್ ಈಗ ಇಂಥ ವಿಳಾಸದ ವಶದಲ್ಲಿದೆ" ಎಂದು ಬರೆದ ಸಾಲೇ ಎನ್‌ಎಫ್‌ಟಿ. ವಿಳಾಸ ಎಂದರೆ ಆ ಜಾಲದಲ್ಲಿ ಒಂದು ಖಾತೆಯನ್ನು ಗುರುತಿಸುವ ಸಂಖ್ಯೆ. ಒಂದು ಬಿಟ್‌ಕಾಯಿನ್‌ಗೂ ಇನ್ನೊಂದಕ್ಕೂ ಭೇದವಿಲ್ಲ. ಆದರೆ ಇಲ್ಲಿ ಪ್ರತಿಯೊಂದು ಟೋಕನ್‌ಗೂ ತನ್ನದೇ ಸಂಖ್ಯೆ ಇರುವುದರಿಂದ ಒಂದರ ಬದಲಿಗೆ ಇನ್ನೊಂದು ನಡೆಯುವುದಿಲ್ಲ. ಈಥೀರಿಯಂ ಎಂಬ ಬ್ಲಾಕ್‌ಚೈನ್ ಜಾಲದಲ್ಲಿ ಇಂಥ ಟೋಕನ್‌ಗಳಿಗೆ ಇಆರ್‌ಸಿ-721 ಎಂಬ ಸಾಮಾನ್ಯ ನಿಯಮಾವಳಿ 2018ರಲ್ಲಿ ರೂಪುಗೊಂಡಿತು. ಚಿತ್ರ, ಹಾಡು, ಟಿಕೆಟ್ ಮುಂತಾದವುಗಳು ಸಾಮಾನ್ಯವಾಗಿ ಈ ಸಾಲಿನ ಹೊರಗೇ ಇರುತ್ತವೆ. ಮುಂದಿನ ಬಹುತೇಕ ಪ್ರಶ್ನೆಗಳು ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಇದು ಶುರುವಾದದ್ದು ಯಾವಾಗ? ಅಷ್ಟೊಂದು ಸುದ್ದಿಯಾದದ್ದು ಯಾಕೆ?

2014ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಕಲಾವಿದ ಕೆವಿನ್ ಮೆಕಾಯ್ ಮತ್ತು ತಂತ್ರಜ್ಞ ಅನಿಲ್ ಡ್ಯಾಶ್ ಸೇರಿ ಮೊದಲ ಮಾದರಿಯನ್ನು ಪ್ರದರ್ಶಿಸಿದರು. ಡಿಜಿಟಲ್ ಕೃತಿಯನ್ನು ಯಾರು ಬೇಕಾದರೂ ನಕಲು ಮಾಡುವ ಕಾಲದಲ್ಲಿ ಕಲಾವಿದರಿಗೆ ತಮ್ಮ ಕೃತಿಯ ಮೇಲೆ ಸ್ವಲ್ಪವಾದರೂ ಹಿಡಿತ ಸಿಗಲಿ ಎಂಬುದು ಅವರ ಉದ್ದೇಶವಾಗಿತ್ತು. 2017ರ ಕೊನೆಗೆ ಕ್ರಿಪ್ಟೋಕಿಟ್ಟೀಸ್ ಎಂಬ ಬೆಕ್ಕಿನಮರಿಗಳ ಆಟ ಈಥೀರಿಯಂ ಜಾಲವನ್ನೇ ನಿಧಾನಗೊಳಿಸುವಷ್ಟು ಜನಪ್ರಿಯವಾಯಿತು. 2021ರ ಮಾರ್ಚ್‌ನಲ್ಲಿ ಬೀಪಲ್ ಎಂಬ ಕಲಾವಿದನ ಕೃತಿ ಕ್ರಿಸ್ಟೀಸ್ ಹರಾಜಿನಲ್ಲಿ ಸುಮಾರು 6.93 ಕೋಟಿ ಡಾಲರಿಗೆ ಹೋಯಿತು. ಕೊಂಡವರು ತಮಿಳುನಾಡು ಮೂಲದ ವಿಘ್ನೇಶ್ ಸುಂದರೇಶನ್. ಈ ಹರಾಜಿನ ನಂತರವೇ ನಮ್ಮ ಕಡೆಯ ಟಿವಿ ಸುದ್ದಿಗಳಲ್ಲಿಯೂ ಈ ಹೆಸರು ಕೇಳಿಬರತೊಡಗಿತು.

ಸ್ಕ್ರೀನ್‌ಶಾಟ್ ಹೊಡದ್ರ ಪುಕ್ಕಟೆ ಸಿಗೂ ಚಿತ್ರಕ್ಕ ರೊಕ್ಕ ಕೊಡೂದ್ಯಾಕ?

ಕೊಳ್ಳುವವರು ರೊಕ್ಕ ಕೊಡುವುದು ಚಿತ್ರಕ್ಕಲ್ಲ, "ಇದನ್ನು ಕೊಂಡವರು ನಾವು" ಎಂಬ ದಾಖಲೆಗೆ. ಆ ದಾಖಲೆಗೆ ಬೆಲೆ ಇದೆಯೆಂದು ಸಾಕಷ್ಟು ಜನ ಒಪ್ಪಿರುವವರೆಗೆ ಬೆಲೆ ಇರುತ್ತದೆ. ಅವರು ಒಪ್ಪದಿದ್ದರೆ ಇಲ್ಲ.

ಎನ್‌ಎಫ್‌ಟಿ ಕೊಂಡ ಮೇಲೆ ಆ ಚಿತ್ರದ ಹಕ್ಕು ನನ್ನದಾಗುತ್ತದೆಯಲ್ಲವೇ?

ತಾನಾಗಿ ಆಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ನಮ್ಮಲ್ಲಿ ಹಕ್ಕು ಬೇರೆಯವರಿಗೆ ಹೋಗಬೇಕಾದರೆ ಹಕ್ಕುದಾರನು ಬರವಣಿಗೆಯಲ್ಲಿ ಸಹಿ ಮಾಡಿ ಬಿಟ್ಟುಕೊಟ್ಟಿರಬೇಕು. ಟೋಕನ್ ಕೈ ಬದಲಾದ ಮಾತ್ರಕ್ಕೆ ಆ ಚಿತ್ರವನ್ನು ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸುವ, ಬಟ್ಟೆಯ ಮೇಲೆ ಮುದ್ರಿಸಿ ಮಾರುವ ಅಧಿಕಾರ ಬರುವುದಿಲ್ಲ. ಕೆಲವು ಸಂಗ್ರಹಗಳು ವಾಣಿಜ್ಯ ಬಳಕೆಗೆ ಪ್ರತ್ಯೇಕ ಪರವಾನಗಿ ಕೊಡುತ್ತವೆ, ಕೆಲವು ಏನನ್ನೂ ಕೊಡುವುದಿಲ್ಲ. ಆ ಷರತ್ತುಗಳನ್ನು ಓದದೆ ಕೊಂಡವರೇ ಹೆಚ್ಚು.

## ಅಪನಂಬಿಕೆ ಎಲ್ಲಿಂದ ಬಂತು

ಟಿವಿಯಾಗ ಕೋಟಿ ಕೋಟಿ ಅಂದ್ರು, ಈಗ ಯಾರೂ ಕೇಳವಲ್ರು. ಇದೆಲ್ಲಾ ಬರೀ ಮೋಸ ಇತ್ತೇನ್ರೀ?

ಎಲ್ಲವೂ ಮೋಸವಲ್ಲ, ಆದರೆ ಮೋಸಕ್ಕೆ ಇಷ್ಟು ಅನುಕೂಲವಾದ ಮಾರುಕಟ್ಟೆ ಅಪರೂಪ. ಟ್ವಿಟರ್ ಸಹಸ್ಥಾಪಕ ಜ್ಯಾಕ್ ಡಾರ್ಸಿಯ ಮೊದಲ ಟ್ವೀಟಿನ ಎನ್‌ಎಫ್‌ಟಿ 2021ರಲ್ಲಿ ಸುಮಾರು 29 ಲಕ್ಷ ಡಾಲರಿಗೆ ಮಾರಾಟವಾಯಿತು. ಮರುವರ್ಷ ಕೊಂಡವರು ಅದಕ್ಕೆ 4.8 ಕೋಟಿ ಡಾಲರ್ ಬೇಕೆಂದು ಹರಾಜಿಗಿಟ್ಟಾಗ, ಅವಧಿ ಮುಗಿಯುವ ಹೊತ್ತಿಗೆ ಬಂದ ಅತಿ ಹೆಚ್ಚಿನ ಬಿಡ್ 300 ಡಾಲರನ್ನೂ ಮುಟ್ಟಿರಲಿಲ್ಲ. ಇಲ್ಲಿ ಯಾರೂ ಯಾರನ್ನೂ ವಂಚಿಸಲಿಲ್ಲ. ಬಾಡಿಗೆಯಾಗಲಿ ಲಾಭಾಂಶವಾಗಲಿ ಬರದ ವಸ್ತುವಿನ ಬೆಲೆ ಮುಂದಿನ ಗಿರಾಕಿಯ ಉತ್ಸಾಹವನ್ನೇ ನೆಚ್ಚಿಕೊಂಡಿತ್ತು, ಆ ಉತ್ಸಾಹ ಬತ್ತಿತು.

ವಂಚನೆಯ ಕತೆ ಬೇರೆ. ಒಬ್ಬನೇ ಮನುಷ್ಯ ಹತ್ತು ವಿಳಾಸಗಳನ್ನು ತೆರೆದು, ತನ್ನದೇ ಎನ್‌ಎಫ್‌ಟಿಯನ್ನು ತನಗೇ ಏರುಬೆಲೆಗೆ ಮಾರಿಕೊಳ್ಳುತ್ತ ಹೋದರೆ, ಹೊರಗಿನಿಂದ ನೋಡುವವರಿಗೆ ಬೇಡಿಕೆ ಏರುತ್ತಿರುವಂತೆ ಕಾಣುತ್ತದೆ. ವಿಳಾಸದ ಹಿಂದಿರುವವರು ಯಾರೆಂದು ತಿಳಿಯದ ಕಾರಣ ಇದಕ್ಕೆ ಹೆಚ್ಚಿನ ಜಾಣತನವೂ ಬೇಕಿಲ್ಲ. ಹೀಗೆ ತಮಗೆ ತಾವೇ ಮಾರಿಕೊಂಡು ಲಾಭ ಮಾಡಿದ 110 ಮಂದಿ 2021ರಲ್ಲಿ ಒಟ್ಟು ಸುಮಾರು 89 ಲಕ್ಷ ಡಾಲರ್ ಗಳಿಸಿದ್ದರೆಂದು ಬ್ಲಾಕ್‌ಚೈನ್ ವಹಿವಾಟುಗಳನ್ನು ವಿಶ್ಲೇಷಿಸುವ ಚೈನಾಲಿಸಿಸ್ ಸಂಸ್ಥೆ ಲೆಕ್ಕ ಹಾಕಿತು. ಇನ್ನು, ಆಟ ಮತ್ತು ಬಹುಮಾನಗಳ ಆಸೆ ತೋರಿಸಿ ಸಂಗ್ರಹವನ್ನು ಮಾರಿ, ರೊಕ್ಕ ಬಂದೊಡನೆ ಜಾಗ ಖಾಲಿ ಮಾಡುವವರು. 2022ರ ಜನವರಿಯಲ್ಲಿ ಫ್ರಾಸ್ಟೀಸ್ ಎಂಬ ಸಂಗ್ರಹದವರು ಸುಮಾರು 11 ಲಕ್ಷ ಡಾಲರ್ ಎತ್ತಿಕೊಂಡು ಕಾಣೆಯಾದರು. ಆ ಪ್ರಕರಣದಲ್ಲಿ ಅಮೆರಿಕದ ಪೊಲೀಸರು ಮಾರ್ಚ್‌ನಲ್ಲಿ ಇಬ್ಬರನ್ನು ಬಂಧಿಸಿದರು.

ದೊಡ್ಡ ಕಂಪನಿಗಳು ಹಿಂದೆ ಸರಿದದ್ದೂ ಅಪನಂಬಿಕೆಯನ್ನು ಹೆಚ್ಚಿಸಿತು. ಸ್ಟಾರ್‌ಬಕ್ಸ್ ತನ್ನ ಎನ್‌ಎಫ್‌ಟಿ ಆಧಾರಿತ ಗ್ರಾಹಕ ಯೋಜನೆಯನ್ನು 2024ರ ಮಾರ್ಚ್‌ನಲ್ಲಿ ನಿಲ್ಲಿಸಿತು.

ನಾ ತಗದ ಗೋಳಗುಮ್ಮಟದ ಫೋಟೊನ ಬ್ಯಾರೆಯವ್ರು ಎನ್‌ಎಫ್‌ಟಿ ಮಾಡಿ ಮಾರಾಕ ಬರತೈತೇನ್ರೀ?

ಕಾನೂನಿನಂತೆ ಬರುವುದಿಲ್ಲ, ತಾಂತ್ರಿಕವಾಗಿ ಯಾವ ತಡೆಯೂ ಇಲ್ಲ. ಬ್ಲಾಕ್‌ಚೈನ್ ಖಾತ್ರಿಪಡಿಸುವುದು ಟೋಕನ್ ಸಂಖ್ಯೆ ಒಂದೇ ಇದೆ ಎಂಬುದನ್ನು ಮಾತ್ರ. ಟೋಕನ್ ಮಾಡಿದವನು ಆ ಚಿತ್ರ ತೆಗೆದವನೇ ಹೌದೋ ಅಲ್ಲವೋ ಎಂದು ಅದು ವಿಚಾರಿಸುವುದಿಲ್ಲ. ವಿಜಯಪುರಕ್ಕೆ ಬಂದ ಪ್ರವಾಸಿಯೊಬ್ಬ ನಿಮ್ಮ ಪುಟದಿಂದ ಇಳಿಸಿಕೊಂಡ ಚಿತ್ರವನ್ನೇ ಎರಡು ಬೇರೆ ಬೇರೆ ಜಾಲಗಳಲ್ಲಿ ಟೋಕನ್ ಮಾಡಿದರೆ ಎರಡೂ "ಒಂದೇ ಒಂದು ಪ್ರತಿ" ಎಂದು ಮಾರಾಟಕ್ಕೆ ನಿಲ್ಲುತ್ತವೆ. ಎನ್‌ಎಫ್‌ಟಿ ಮಾರಾಟದ ಜಾಲತಾಣವಾದ ಓಪನ್‌ಸೀ ಮಾರುಕಟ್ಟೆಯೇ 2022ರ ಜನವರಿಯಲ್ಲಿ, ತನ್ನ ಉಚಿತ ಸಾಧನದಿಂದ ತಯಾರಾದ ಎನ್‌ಎಫ್‌ಟಿಗಳಲ್ಲಿ ಶೇ. 80ಕ್ಕಿಂತ ಹೆಚ್ಚು ಕದ್ದ ಕೃತಿ, ನಕಲಿ ಸಂಗ್ರಹ ಅಥವಾ ಕಸ ಎಂದು ಒಪ್ಪಿಕೊಂಡಿತು. ನಿಮ್ಮ ಚಿತ್ರ ಕಂಡರೆ ಕ್ಯಾಮೆರಾದ ಮೂಲ ಕಡತವನ್ನು ಆಧಾರವಾಗಿಟ್ಟು ಮಾರುಕಟ್ಟೆಗೆ ದೂರು ಕೊಡಿ. ಅವರು ಮಾರಾಟದ ಪುಟ ತೆಗೆಯುತ್ತಾರೆ, ಆದರೆ ಬ್ಲಾಕ್‌ಚೈನ್ ಮೇಲಿನ ಟೋಕನ್ ಹಾಗೆಯೇ ಉಳಿಯುತ್ತದೆ.

ಬ್ಲಾಕ್‌ಚೈನ್‌ನಲ್ಲಿದ್ದದ್ದನ್ನು ಅಳಿಸಲಾಗುವುದಿಲ್ಲ ಎನ್ನುತ್ತಾರೆ. ಹಾಗಾದರೆ ಚಿತ್ರಗಳು ಮಾಯವಾಗುವುದು ಹೇಗೆ?

ಅಳಿಸಲಾಗದ್ದು ಟೋಕನ್, ಚಿತ್ರವಲ್ಲ. ದೊಡ್ಡ ಕಡತವನ್ನು ಬ್ಲಾಕ್‌ಚೈನ್‌ನೊಳಗೆ ಇಡುವುದು ಬಹಳ ದುಬಾರಿಯಾದ್ದರಿಂದ ಟೋಕನ್‌ನಲ್ಲಿ ಸಾಮಾನ್ಯವಾಗಿ ಚಿತ್ರವಿರುವ ಜಾಗಕ್ಕೆ ಒಂದು ಕೊಂಡಿ (ಲಿಂಕ್) ಮಾತ್ರ ಇರುತ್ತದೆ. 2014ರ ಮಾದರಿಯಲ್ಲಿ ಸಮಯ ಸಾಲದೆ ಹಿಡಿದ ಅಡ್ಡದಾರಿ ಅದಾಗಿತ್ತು, ಮುಂದೆ ಎಲ್ಲರೂ ಅದನ್ನೇ ಮುಂದುವರಿಸಿದರು ಎಂದು ಅನಿಲ್ ಡ್ಯಾಶ್ ಅವರೇ ಬರೆದಿದ್ದಾರೆ. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಎಂಬ ಕ್ರಿಪ್ಟೋ ವಿನಿಮಯ ಕೇಂದ್ರ ದಿವಾಳಿಯಾದಾಗ, ಅದರ ಸರ್ವರ್‌ಗೆ ಕೊಂಡಿ ಹೊಂದಿದ್ದ ಎನ್‌ಎಫ್‌ಟಿಗಳ ಚಿತ್ರಗಳು ಕಾಣದಾದವು. ಕೊಂಡಿಗಳು ದಿವಾಳಿ ಪ್ರಕ್ರಿಯೆಯ ಮಾಹಿತಿ ಪುಟಕ್ಕೆ ಹೋಗಿ ನಿಲ್ಲುತ್ತಿದ್ದವು.

ಇದನ್ನು ಇನ್ನೂ ಚೆನ್ನಾಗಿ ತೋರಿಸಿದವರು ಸಿಗ್ನಲ್ ಸಂದೇಶ ತಂತ್ರಾಂಶದ ಸ್ಥಾಪಕ ಮಾಕ್ಸಿ ಮಾರ್ಲಿನ್‌ಸ್ಪೈಕ್. ನೋಡುವವರು ಯಾವ ಜಾಲತಾಣದಿಂದ ನೋಡುತ್ತಾರೋ ಅದಕ್ಕೆ ತಕ್ಕಂತೆ ಬೇರೆ ಬೇರೆ ಚಿತ್ರ ತೋರಿಸುವ ಎನ್‌ಎಫ್‌ಟಿಯೊಂದನ್ನು ಅವರು ತಯಾರಿಸಿದರು. ಎರಡು ಮಾರುಕಟ್ಟೆಗಳಲ್ಲಿ ಎರಡು ಬಗೆಯ ಚಿತ್ರ, ಕೊಂಡವನ ಸ್ವಂತ ವ್ಯಾಲೆಟ್‌ನಲ್ಲಿ (ಟೋಕನ್‌ಗಳನ್ನು ನಿಭಾಯಿಸುವ ತಂತ್ರಾಂಶ) ತೆರೆದರೆ ಹೇಲಿನ ಇಮೋಜಿ. ಓಪನ್‌ಸೀ ಅದನ್ನು ತೆಗೆದುಹಾಕಿದಾಗ ಅವರ ವ್ಯಾಲೆಟ್‌ನಿಂದಲೂ ಅದು ಮರೆಯಾಯಿತು, ಏಕೆಂದರೆ ವ್ಯಾಲೆಟ್ ತಂತ್ರಾಂಶ ಮಾಹಿತಿ ಪಡೆಯುತ್ತಿದ್ದದ್ದು ಬ್ಲಾಕ್‌ಚೈನ್‌ನಿಂದಲ್ಲ, ಅದೇ ಮಾರುಕಟ್ಟೆಯಿಂದ. ಮಧ್ಯವರ್ತಿಗಳಿಲ್ಲದ ವ್ಯವಸ್ಥೆ ಎಂದು ಸಾರಿಕೊಂಡು ಬಂದದ್ದರಲ್ಲಿ ಎಷ್ಟು ಮಧ್ಯವರ್ತಿಗಳಿದ್ದಾರೆ ಎಂಬುದಕ್ಕೆ ಇದಕ್ಕಿಂತ ಚುರುಕಾದ ಉದಾಹರಣೆಯನ್ನು ನಾನು ಕಂಡಿಲ್ಲ.

ಕಳುವಾದರೆ ಯಾರನ್ನು ಕೇಳುವುದು? ಬ್ಯಾಂಕಿನಂತೆ ತಡೆಹಿಡಿಯುವವರು ಇದ್ದಾರೆಯೇ?

ವರ್ಗಾವಣೆಯನ್ನು ಹಿಂದಿರುಗಿಸುವ ಅಧಿಕಾರ ಇಲ್ಲಿ ಯಾರಿಗೂ ಇಲ್ಲ. ಅಮೆರಿಕದ ನಟ ಸೆತ್ ಗ್ರೀನ್ 2022ರಲ್ಲಿ ನಕಲಿ ಜಾಲತಾಣವೊಂದಕ್ಕೆ ಮೋಸಹೋಗಿ ತಮ್ಮ ಕೋತಿ ಚಿತ್ರದ ಎನ್‌ಎಫ್‌ಟಿಯನ್ನು ಕಳೆದುಕೊಂಡರು. ಆ ಪಾತ್ರವನ್ನಿಟ್ಟು ಕಾರ್ಯಕ್ರಮ ಮಾಡುವ ಸಿದ್ಧತೆಯಲ್ಲಿದ್ದ ಅವರು ಕೊನೆಗೆ ಸುಮಾರು 3 ಲಕ್ಷ ಡಾಲರ್ ತೆತ್ತು ಅದನ್ನು ಮರಳಿ ಕೊಂಡರು. ನಮ್ಮಲ್ಲಿ ಇಂಥದ್ದು ನಡೆದರೆ ಸೈಬರ್ ಅಪರಾಧದ 1930 ಸಹಾಯವಾಣಿಗೆ ತಡಮಾಡದೆ ತಿಳಿಸಬೇಕು. ರೂಪಾಯಿಯ ಹಾದಿ ಬ್ಯಾಂಕಿನ ಮೂಲಕ ಹೋಗಿದ್ದರೆ ಅಲ್ಲಿಯವರೆಗೆ ತಡೆಯಬಹುದು.

ಇದಕ್ಕ ಭಾಳ ಕರೆಂಟ್ ಸುಡತೈತಿ ಅಂತ ಕೇಳೀವಿ, ಖರೇನ?

ಒಂದು ಕಾಲಕ್ಕೆ ಖರೆ. 2022ರ ಸೆಪ್ಟೆಂಬರ್ 15ರಂದು ಈಥೀರಿಯಂ ತನ್ನ ಪರಿಶೀಲನಾ ವಿಧಾನವನ್ನೇ ಬದಲಿಸಿದ ಮೇಲೆ ಅದರ ವಿದ್ಯುತ್ ಬಳಕೆ ಶೇ. 99ಕ್ಕಿಂತ ಹೆಚ್ಚು ಇಳಿಯಿತು. ಈಥೀರಿಯಂ ಮಟ್ಟಿಗೆ ಈ ಆಕ್ಷೇಪವನ್ನು ಈಗ ಬಿಡಬಹುದು.

## ಉಪಯೋಗದ ಮಾತು

ಹಂಗಾದ್ರ ಇದು ಯಾವುದಕ್ಕೂ ಬರಂಗಿಲ್ಲೇನು?

ಬರುತ್ತದೆ, ಆದರೆ ಟೋಕನ್ ಯಾವುದರ ದಾಖಲೆಯೋ ಅದೂ ಆ ಜಾಲದೊಳಗೇ ಇದ್ದಾಗ. ಯೂನಿಸ್ವಾಪ್ ಎಂಬ ಕ್ರಿಪ್ಟೋ ವಿನಿಮಯ ವ್ಯವಸ್ಥೆ ತನ್ನ ಮೂರನೆಯ ಆವೃತ್ತಿಯಿಂದ, ಅಂದರೆ 2021ರಿಂದ, ಪ್ರತಿಯೊಬ್ಬ ಹಣ ತೊಡಗಿಸಿದವನ ಪಾಲನ್ನು ಎನ್‌ಎಫ್‌ಟಿಯಾಗಿಯೇ ದಾಖಲಿಸುತ್ತದೆ. ಉದ್ದನೆಯ ವ್ಯಾಲೆಟ್ ವಿಳಾಸದ ಬದಲು ಓದಬಲ್ಲ ಹೆಸರು ಕೊಡುವ ಇಎನ್‌ಎಸ್ ಹೆಸರುಗಳೂ ಎನ್‌ಎಫ್‌ಟಿಗಳೇ. ಇವುಗಳಲ್ಲಿ ಟೋಕನ್ ಇದ್ದವನಿಗೆ ಹಕ್ಕು ತಾನಾಗಿ ಸಿಗುತ್ತದೆ, ಯಾರೂ ಬಂದು ಮಾತು ಉಳಿಸಿಕೊಳ್ಳಬೇಕಾಗಿಲ್ಲ. ಇವು ಸುದ್ದಿಯಾಗದೆ ನಡೆಯುತ್ತಿವೆ. ದೇಣಿಗೆ ಸಂಗ್ರಹಕ್ಕೂ ಇದು ಒದಗಿದೆ: 2022ರ ಮಾರ್ಚ್‌ನಲ್ಲಿ ಉಕ್ರೇನ್ ಧ್ವಜದ ಒಂದು ಎನ್‌ಎಫ್‌ಟಿಯಿಂದ 65 ಲಕ್ಷ ಡಾಲರಿಗೂ ಮಿಕ್ಕಿ ನೆರವು ಕೂಡಿತು.

ಇಳಕಲ್ ಸೀರಿಗೆ ಎನ್‌ಎಫ್‌ಟಿ ಹಚ್ಚಿದ್ರ ಪವರ್‌ಲೂಮ್ ನಕಲಿ ನಿಲ್ಲತಾವೇನ್ರೀ?

ಅತಿ ಹೆಚ್ಚು ಬಾರಿ ಬಂದ ಪ್ರಶ್ನೆ ಇದು. ಯೋಜನೆ ಹೇಳುವವರು ಸಾಮಾನ್ಯವಾಗಿ ಹೀಗೆ ಹೇಳುತ್ತಾರೆ: ಪ್ರತಿ ಕೈಮಗ್ಗದ ಸೀರೆಗೂ ಒಂದು ಎನ್‌ಎಫ್‌ಟಿ, ಸೀರೆಯ ಅಂಚಿಗೆ ಒಂದು ಕ್ಯೂಆರ್ ಚೀಟಿ, ಗಿರಾಕಿ ಮೊಬೈಲ್ ಹಿಡಿದರೆ ನೇಕಾರರ ಹೆಸರು, ಊರು, ನೇಯ್ದ ದಿನ ಎಲ್ಲವೂ ಕಾಣುತ್ತವೆ, ಯಾರೂ ತಿದ್ದಲಾರರು.

ತಿದ್ದಲಾಗದು ಎಂಬುದು ನಿಜ. ಆದರೆ ಚೀಟಿಯನ್ನು ಬಿಚ್ಚಿ ಬೇರೆ ಸೀರೆಗೆ ಹೊಲಿಯಲು ಒಂದು ಸೂಜಿ ಸಾಕು. ಕ್ಯೂಆರ್ ಚಿತ್ರವನ್ನು ಮುದ್ರಣಾಲಯದಲ್ಲಿ ಸಾವಿರ ಪ್ರತಿ ತೆಗೆದರೆ ಸಾವಿರ ಸೀರೆಗಳೂ ಒಂದೇ ನೇಕಾರರ ಹೆಸರು ಹೇಳುತ್ತವೆ. ಅದಕ್ಕಿಂತ ಮೊದಲು, ಈ ಸೀರೆ ಕೈಮಗ್ಗದ್ದೇ ಎಂದು ದಾಖಲೆಗೆ ಬರೆಯುವವರು ಯಾರು? ವ್ಯಾಪಾರಿಯೇ ಬರೆಯುವುದಾದರೆ, ಅವನು ಬಿಲ್ಲಿನಲ್ಲಿ ಬರೆಯಬಹುದಾದ ಸುಳ್ಳನ್ನೇ ಇಲ್ಲಿ ಅಳಿಸಲಾಗದಂತೆ ಬರೆಯುತ್ತಾನೆ. ಇಳಕಲ್ ಸೀರೆಯನ್ನು ಬಲ್ಲವರು ಗುರುತಿಸುವುದು ಸೀರೆಯಿಂದಲೇ: ಒಡಲಿನ ಹಾಸನ್ನೂ (ಉದ್ದದ ಎಳೆಗಳನ್ನೂ) ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದ ಜಾಗವನ್ನು ಬೆಳಕಿಗೆ ಹಿಡಿದು, ತಿರುವಿ ನೋಡುತ್ತಾರೆ. ಸಂಘದ ಒಬ್ಬ ಅನುಭವಿ ಹೀಗೆ ನೋಡಿ, ತನ್ನ ಹೆಸರು ಹಾಕಿ, ತಪ್ಪಾದರೆ ತಾನು ಹೊಣೆ ಎಂದು ದಾಖಲೆ ಮಾಡಿದರೆ ಆ ದಾಖಲೆಗೆ ಬೆಲೆ ಬರುತ್ತದೆ, ಅದು ಬ್ಲಾಕ್‌ಚೈನ್‌ನಲ್ಲಿರಲಿ, ರಿಜಿಸ್ಟರಿನಲ್ಲಿರಲಿ.

ಇಳಕಲ್ ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ, ಕೈಮಗ್ಗ ಗುರುತಿನ ಚೀಟಿ ಇದೆ, ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯ್ದೆಯೂ ಇದೆ. ಕೊರತೆ ಇರುವುದು ಅಂಗಡಿಗೆ ಹೋಗಿ ಪರಿಶೀಲಿಸುವ ಕೈಗಳಲ್ಲಿ. ಆದರೂ ಒಂದು ಸಂದರ್ಭದಲ್ಲಿ ಟೋಕನ್ ನೆರವಾಗಬಹುದು. ಇಳಕಲ್, ಗುಳೇದಗುಡ್ಡ, ಬನಹಟ್ಟಿಗಳ ಬೇರೆ ಬೇರೆ ಸಂಘಗಳು, ಮುಂಬೈ-ಪುಣೆಯ ಸಗಟು ವ್ಯಾಪಾರಿಗಳು ಮತ್ತು ಹೊರದೇಶದ ಗಿರಾಕಿಗಳು ಒಂದೇ ದಾಖಲೆಯನ್ನು ನೋಡಬೇಕಾಗಿದ್ದು, ಅದನ್ನು ಇಟ್ಟುಕೊಳ್ಳುವ ಅಧಿಕಾರವನ್ನು ಯಾರೊಬ್ಬರಿಗೂ ಬಿಡಲು ಉಳಿದವರು ಒಪ್ಪದಿದ್ದರೆ, ಹಂಚಿಕೊಂಡ ಪುಸ್ತಕಕ್ಕೆ ಅರ್ಥವಿದೆ. ಆಗಲೂ ಮೊದಲ ಖರ್ಚು ಪರಿಶೀಲಕರ ಸಂಬಳಕ್ಕಾಗಿ ಇರಬೇಕು, ತಂತ್ರಾಂಶಕ್ಕಲ್ಲ.

ಹೊಲದ ಉತಾರ ಎನ್‌ಎಫ್‌ಟಿ ಆದ್ರ ವಾಟ್ನಿ ಜಗಳ ಕಡಿಮಿ ಆಗತಾವೇನು?

ಆಗುವುದಿಲ್ಲ ಎಂದೇ ನನ್ನ ಅಭಿಪ್ರಾಯ. ಭೂದಾಖಲೆಗಳ 'ಭೂಮಿ' ಯೋಜನೆಯ ಮೂಲಕ ನಮ್ಮ ಉತಾರಗಳು (ಪಹಣಿಗಳು) ಕಂಪ್ಯೂಟರಿಗೆ ಬಂದು ಎರಡು ದಶಕಗಳಾದವು; ತಂಟೆಗಳು ಉಳಿದಿರುವುದು ವಾರಸಾ, ವಾಟ್ನಿ (ಆಸ್ತಿಯ ಪಾಲು), ಮೋಜಣಿ (ಅಳತೆ) ಮತ್ತು ಬಾಯಿಮಾತಿನ ಒಪ್ಪಂದಗಳಲ್ಲಿ. ಅಣ್ಣ-ತಮ್ಮಂದಿರ ನಡುವೆ ಬದು ಎಲ್ಲಿ ಹಾಯುತ್ತದೆ ಎಂಬುದನ್ನು ಯಾವ ಟೋಕನ್ನೂ ಹೇಳಲಾರದು. 100 ರೂಪಾಯಿಗೆ ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟ ನೋಂದಣಿಯಾಗಲೇಬೇಕು ಎಂಬುದು ಕಾನೂನು, ಹೀಗಾಗಿ ಟೋಕನ್ ವರ್ಗಾಯಿಸಿದರೆ ಹೊಲ ವರ್ಗವಾಗುವುದಿಲ್ಲ.

ಇನ್ನೊಂದು ತೊಡಕಿದೆ. ವ್ಯಾಲೆಟ್‌ನ ಗುಪ್ತ ಪದಗಳನ್ನು ಬರೆದಿಟ್ಟ ಚೀಟಿ ಕಳೆದರೆ ಟೋಕನ್ ಶಾಶ್ವತವಾಗಿ ಕೈತಪ್ಪುತ್ತದೆ. ಆಲಮಟ್ಟಿ ಹಿನ್ನೀರಿನಲ್ಲಿ ಮನೆ-ಹೊಲ ಬಿಟ್ಟು ಬಂದ ಕುಟುಂಬಗಳು ಪರಿಹಾರಕ್ಕಾಗಿ ಕಾಗದ ಹಿಡಿದು ಅಲೆದದ್ದನ್ನು ಕಂಡ ಜಿಲ್ಲೆಯಿದು. ಚೀಟಿ ಕಳೆದ ತಪ್ಪಿಗೆ ಹೊಲವೇ ಹೋಯಿತು ಎಂಬ ವ್ಯವಸ್ಥೆಯನ್ನು ಇಲ್ಲಿ ಯಾರೂ ಒಪ್ಪುವುದಿಲ್ಲ. ತಹಶೀಲ್ದಾರರಿಗೆ ಟೋಕನ್ ರದ್ದುಮಾಡಿ ಹೊಸದು ಕೊಡುವ ಅಧಿಕಾರವಿಟ್ಟರೆ ಆ ತೊಡಕು ನೀಗುತ್ತದೆ, ಆದರೆ ಆಗ ಉಳಿಯುವುದು ಈಗಿರುವ ವ್ಯವಸ್ಥೆಯೇ.

ನಾನು ಬೆಳಗಾವಿಯ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಪದವಿ ಪ್ರಮಾಣಪತ್ರಗಳನ್ನು ಎನ್‌ಎಫ್‌ಟಿ ಮಾಡಿದರೆ ನಕಲಿ ಅಂಕಪಟ್ಟಿ ನಿಲ್ಲುವುದಿಲ್ಲವೇ?

ಇಲ್ಲಿ ಟೋಕನ್‌ನ ಪರವಾಗಿ ಹೇಳಬಹುದಾದದ್ದು ಸ್ವಲ್ಪ ಹೆಚ್ಚಿದೆ, ಏಕೆಂದರೆ ಪದವಿಯನ್ನು ಕೊಡುವವರೂ ಅದರ ಸತ್ಯಕ್ಕೆ ಹೊಣೆಯಾದವರೂ ಒಬ್ಬರೇ, ಅಂದರೆ ವಿಶ್ವವಿದ್ಯಾಲಯ. ಅಮೆರಿಕದ ಎಂಐಟಿ 2017ರಲ್ಲಿಯೇ ಬ್ಲಾಕ್‌ಚೈನ್ ಆಧಾರಿತ ಡಿಜಿಟಲ್ ಪದವಿಪತ್ರ ನೀಡಿತು. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯಲ್ಲಿ ಜಾತಿ ಪ್ರಮಾಣಪತ್ರಗಳನ್ನು ಪಾಲಿಗಾನ್ ಎಂಬ ಬ್ಲಾಕ್‌ಚೈನ್ ಜಾಲದ ಮೂಲಕ ಪರಿಶೀಲಿಸುವ ಯೋಜನೆ 2022ರಲ್ಲಿ ಬಂತು. ಇವುಗಳಲ್ಲಿ ಪ್ರಮಾಣಪತ್ರದ ಗಣಿತೀಯ ಬೆರಳಚ್ಚನ್ನು, ಅಂದರೆ ಕಡತದಿಂದಲೇ ಲೆಕ್ಕಹಾಕಿ ಪಡೆದ ಗುರುತಿನ ಸಂಖ್ಯೆಯನ್ನು ಮಾತ್ರ ಬ್ಲಾಕ್‌ಚೈನ್ ಮೇಲೆ ಇಡಲಾಗುತ್ತದೆ. ಮಾರಾಟಕ್ಕೆ ಅವಕಾಶವಿಲ್ಲ, ಇರಲೂಬಾರದು. ಆದರೆ ಡಿಜಿಲಾಕರ್‌ನಲ್ಲಿ ವಿಶ್ವವಿದ್ಯಾಲಯದ ಡಿಜಿಟಲ್ ಸಹಿಯುಳ್ಳ ಪತ್ರ ಸಿಗುವಾಗ ನಕಲಿ ತಡೆಯಲು ಅಷ್ಟೇ ಸಾಲುತ್ತದೆ. ಹೆಸರು, ಜನ್ಮದಿನಾಂಕದಂಥ ವಿವರಗಳು ಅಳಿಸಲಾಗದ ಸಾರ್ವಜನಿಕ ಪುಸ್ತಕಕ್ಕೆ ಹೋಗದಂತೆ ನೋಡಿಕೊಳ್ಳುವುದು ಇದೆಲ್ಲಕ್ಕಿಂತ ಮುಖ್ಯ.

ಪ್ರತಿ ಮರುಮಾರಾಟದಲ್ಲೂ ಕಲಾವಿದನಿಗೆ ಪಾಲು ಬರುತ್ತದೆ ಎಂಬುದು ದೊಡ್ಡ ಲಾಭವಲ್ಲವೇ?

ಮಾತು ಕೊಟ್ಟದ್ದು ಹಾಗೆಯೇ. ಆದರೆ ಆ ಪಾಲನ್ನು ಕೊಡಿಸುತ್ತಿದ್ದದ್ದು ಟೋಕನ್ ಅಲ್ಲ, ಮಾರುಕಟ್ಟೆಗಳ ರೂಢಿ. ಪಾಲು ಕೊಡದಿದ್ದರೂ ನಡೆಯುವ ಅಗ್ಗದ ಮಾರುಕಟ್ಟೆಗಳು ಬಂದೊಡನೆ ಗಿರಾಕಿಗಳು ಅತ್ತ ಹೋದರು. 2023ರ ಆಗಸ್ಟ್‌ನಲ್ಲಿ ಓಪನ್‌ಸೀ ಕೂಡ ಕಡ್ಡಾಯ ಪಾಲನ್ನು ಕೈಬಿಡುವುದಾಗಿ ಪ್ರಕಟಿಸಿತು. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 53ಎ ವಿಧಿಯಲ್ಲಿ 10,000 ರೂಪಾಯಿ ಮೀರಿದ ಮೂಲ ಚಿತ್ರಗಳ ಮರುಮಾರಾಟದಲ್ಲಿ ಕಲಾವಿದನಿಗೆ ಪಾಲಿರುವುದನ್ನು ಬಹಳ ಚಿತ್ರಕಾರರು ಕೇಳಿಯೇ ಇಲ್ಲ.

## ತೆರಿಗೆ ಮತ್ತು ಕಾನೂನು

ಇದು ನಮ್ಮ ದೇಶದಾಗ ಕಾನೂನುಬದ್ಧ ಐತೇನು? ತೆರಿಗಿ ಎಷ್ಟ?

ನಿಷೇಧವಿಲ್ಲ. 2022ರ ಏಪ್ರಿಲ್ 1ರಿಂದ ಎನ್‌ಎಫ್‌ಟಿಗಳು ವರ್ಚುವಲ್ ಡಿಜಿಟಲ್ ಆಸ್ತಿಯ ವ್ಯಾಖ್ಯೆಯೊಳಗೆ ಬಂದು, ಅವುಗಳ ವರ್ಗಾವಣೆಯ ಲಾಭಕ್ಕೆ ಶೇ. 30 ತೆರಿಗೆ ಮತ್ತು ಮೇಲೆ ಸೆಸ್ ಬೀಳತೊಡಗಿತು. ಕೊಂಡ ಬೆಲೆಯನ್ನು ಮಾತ್ರ ಕಳೆಯಬಹುದು. ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸಿಕೊಳ್ಳಲಾಗದು. ಅದೇ ವರ್ಷದ ಜುಲೈ 1ರಿಂದ ಮಾರಾಟದ ಮೊತ್ತದಲ್ಲಿ ಶೇ. 1 ಮೂಲದಲ್ಲೇ ಕಡಿತವಾಗುತ್ತದೆ. ಟೋಕನ್ ಜೊತೆಗೆ ಕೈಗೆ ಸಿಗುವ ವಸ್ತುವಿನ ಮಾಲೀಕತ್ವವೂ ಕಾನೂನುಬದ್ಧವಾಗಿ ವರ್ಗವಾಗುವಂತಿದ್ದರೆ ಅದು ಈ ವ್ಯಾಖ್ಯೆಯ ಹೊರಗೆ ಉಳಿಯುತ್ತದೆ. 2023ರ ಮಾರ್ಚ್‌ನಿಂದ ಇಂಥ ಆಸ್ತಿಗಳ ವಿನಿಮಯ ನಡೆಸುವವರು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಕೆಳಗೂ ಬಂದಿದ್ದಾರೆ.

## ಇನ್ನಷ್ಟು ಆಳಕ್ಕೆ ಹೋಗುವವರಿಗೆ

ಯೋಜನೆಯೊಂದಕ್ಕೆ ಎನ್‌ಎಫ್‌ಟಿ ನಿಜವಾಗಿ ಬೇಕೋ, ಮಾಮೂಲಿ ಡೇಟಾಬೇಸ್ ಸಾಕೋ ಎಂದು ತೀರ್ಮಾನಿಸುವುದು ಹೇಗೆ?

ದಾಖಲೆಯನ್ನು ಬರೆಯುವವರು ಎಷ್ಟು ಜನ, ಅವರಲ್ಲಿ ಒಬ್ಬರನ್ನು ಎಲ್ಲರೂ ನಂಬುತ್ತಾರೆಯೇ ಎಂದು ಮೊದಲು ನೋಡಿ. ನಂಬುವುದಾದರೆ ಅವರ ಬಳಿ ಡೇಟಾಬೇಸ್ ಇಡುವುದು ಅಗ್ಗ, ತಪ್ಪಾದರೆ ತಿದ್ದಲೂ ಬರುತ್ತದೆ. ನಂಬದಿದ್ದರೆ, ದಾಖಲೆ ಹೇಳುವ ವಸ್ತು ಜಾಲದ ಒಳಗಿದೆಯೋ ಹೊರಗಿದೆಯೋ ಎಂದು ಕೇಳಿ. ಹೊರಗಿದ್ದರೆ ಒಳಗೆ ಬರೆಯುವ ಮನುಷ್ಯನ ಮೇಲಿನ ನಂಬಿಕೆ ಮತ್ತೆ ಬೇಕೇ ಬೇಕು. ನನಗೆ ಓದಲು ಬಂದ ಹೆಚ್ಚಿನ ಕಾಲೇಜು ಪ್ರಾಜೆಕ್ಟ್‌ಗಳು ಈ ಎರಡನೆಯ ಪ್ರಶ್ನೆಗೆ ಉತ್ತರಿಸುವುದಿಲ್ಲ.

ಟೋಕನ್‌ನ ಕಾಂಟ್ರ್ಯಾಕ್ಟ್ ಓದುವಾಗ ಯಾವುದರ ಮೇಲೆ ಕಣ್ಣಿಡಬೇಕು?

ಕಾಂಟ್ರ್ಯಾಕ್ಟ್ ಎಂದರೆ ಟೋಕನ್‌ಗಳ ನಿಯಮಗಳನ್ನು ಬರೆದು ಬ್ಲಾಕ್‌ಚೈನ್‌ನಲ್ಲಿಟ್ಟ ಪ್ರೋಗ್ರಾಂ. ಅದರಲ್ಲಿ ಕೊಂಡಿ ಎಲ್ಲಿಗೆ ಹೋಗುತ್ತದೆ ಎಂಬುದು ಮೊದಲನೆಯದು. ಸಾಮಾನ್ಯ ಜಾಲತಾಣದ ವಿಳಾಸವಾದರೆ ಸರ್ವರ್ ಇರುವವರೆಗೆ ಮಾತ್ರ ಚಿತ್ರ. ಹಲವು ಕಂಪ್ಯೂಟರ್‌ಗಳಲ್ಲಿ ಕಡತ ಹಂಚಿಡುವ ಐಪಿಎಫ್‌ಎಸ್ ಜಾಲ ಆದರೆ ವಿಳಾಸವೇ ಕಡತದ ಬೆರಳಚ್ಚಿನಿಂದ ಆಗಿರುವುದರಿಂದ ಕಡತ ಬದಲಾದರೆ ಗೊತ್ತಾಗುತ್ತದೆ, ಆದರೂ ಯಾರಾದರೂ ಅದನ್ನು ಉಳಿಸಿಟ್ಟುಕೊಂಡಿರಲೇಬೇಕು. ಆಟೋಗ್ಲಿಫ್ಸ್‌ನಂಥ ಕೆಲವೇ ಸಂಗ್ರಹಗಳು ಚಿತ್ರವನ್ನು ಕಾಂಟ್ರ್ಯಾಕ್ಟ್‌ನಿಂದಲೇ ರಚಿಸುತ್ತವೆ. ಆ ಕೊಂಡಿಯನ್ನು ಮುಂದೆ ಬದಲಿಸುವ, ಟೋಕನ್‌ಗಳ ಸಂಖ್ಯೆ ಹೆಚ್ಚಿಸುವ ಅಧಿಕಾರವನ್ನು ಮಾಡಿದವರು ತಮ್ಮಲ್ಲಿ ಇಟ್ಟುಕೊಂಡಿದ್ದಾರೆಯೇ ಎಂಬುದನ್ನೂ ನೋಡಬೇಕು. ಕೊಳ್ಳುವವರ ಮಟ್ಟಿಗೆ ಅತಿ ಅಪಾಯಕಾರಿಯಾದದ್ದು "ಸೆಟ್ ಅಪ್ರೂವಲ್ ಫಾರ್ ಆಲ್" ಎಂಬ ಅನುಮತಿ. ಒಂದು ಸಲ ಒಪ್ಪಿಗೆ ಒತ್ತಿದರೆ ಆ ಸಂಗ್ರಹದಲ್ಲಿ ನಿಮ್ಮ ಬಳಿ ಇರುವ ಎಲ್ಲ ಟೋಕನ್‌ಗಳನ್ನೂ ಎದುರಿನವರು ಸಾಗಿಸಬಹುದು.

ಮೂರ್ನಾಕ್ ವರ್ಷದ ಹಿಂದ ಕೊಂಡ ಎನ್‌ಎಫ್‌ಟಿ ಹಂಗ ಬಿದ್ದಾವ. ಈಗೇನು ಮಾಡ್ಲಿ?

ಕೊಂಡ ದಿನಾಂಕ, ರೂಪಾಯಿಯಲ್ಲಿ ಕೊಟ್ಟ ಬೆಲೆ, ಬ್ಯಾಂಕ್ ವಿವರಗಳನ್ನು ತೆಗೆದಿಟ್ಟುಕೊಳ್ಳಿ. ಮುಂದೆಂದಾದರೂ ಮಾರಿದರೆ ತೆರಿಗೆ ಲೆಕ್ಕಕ್ಕೆ ಅವೇ ಆಧಾರ. ಹಿಂದೆ ಕೊಟ್ಟ ಅನುಮತಿಗಳನ್ನು ವ್ಯಾಲೆಟ್‌ನಿಂದ ಹಿಂಪಡೆಯಿರಿ. ನೀವು ಕೊಳ್ಳದೆ ಬಂದು ಕೂತ ಟೋಕನ್‌ಗಳಿದ್ದರೆ ಅವುಗಳ ವಿವರಣೆಯಲ್ಲಿರುವ ಕೊಂಡಿಯನ್ನು ಒತ್ತಬೇಡಿ. ಮುಳುಗಿದ ರೊಕ್ಕ ಮರಳಿ ಕೊಡಿಸುತ್ತೇವೆ, ಮೊದಲು ಸ್ವಲ್ಪ ಶುಲ್ಕ ಕಟ್ಟಿ ಎಂದು ಫೋನ್ ಮಾಡುವವರಿಗೆ ಉತ್ತರಿಸಬೇಡಿ. ಹಿಂದಿನ ವಂಚನೆಗಳಲ್ಲಿ ಮೋಸಹೋದವರ ಪಟ್ಟಿ ಅಂಥವರ ಕೈಯಲ್ಲಿರುತ್ತದೆ.